ಹೆಡ್‌ಫೋನಿನ ಬಲಗಡೆ

ಗುಡುಗಪ್ಪನಿಗೆ ಮೂಗಿನ ತುದಿಯಲ್ಲಿ ಕೋಪ ಎನ್ನುವವರು ಅವನನ್ನು ಸರಿಯಾಗಿ ಕಂಡವರಲ್ಲ. ಮೂಗಿನವರೆಗೆ ಹತ್ತುವಷ್ಟು ತಾಳ್ಮೆ ಆ ಕೋಪಕ್ಕೆ ಎಲ್ಲಿಂದ ಬರಬೇಕು, ಅದು ನಾಲಿಗೆಯ ಮೇಲೇ ಬಿಡಾರ ಹೂಡಿತ್ತು. ಪ್ರಿಂಟಿಂಗ್ ಪ್ರೆಸ್ಸಿನ ದೊಡ್ಡ ಮೆಷಿನ್ನಿನ ಪಕ್ಕ ನಿಂತು, ಅದರ ದಡಬಡ ಸದ್ದಿನ ಮೇಲೆ ಕೂಗಿ ಕೂಗಿ ಅವನ ಗಂಟಲು ಹಾಗೆ ಪಳಗಿತ್ತು. ಮನೆಯಲ್ಲಿ ಒಂದು ಲೋಟ ನೀರು ಕೇಳಿದರೆ ಬೀದಿಯ ಕೊನೆಯವರೆಗೂ ಕೇಳಬೇಕು. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಪ್ರೆಸ್ಸಿನವರು ಇಟ್ಟದ್ದೇ ನಿಂತಿತು.

ಆ ದಿನ ಪ್ರೆಸ್ಸಿಗೆ ರಜೆ. ಹಿಂದಿನ ಸಂಜೆಯಷ್ಟೇ ಮಗಳು ಬಂದು ಒಂದು ಹೆಡ್‌ಫೋನ್ ಕೊಟ್ಟು ಹೋಗಿದ್ದಳು, ವೈರಿಲ್ಲದ್ದು, ತಲೆಯ ಮೇಲಿಂದ ಬಂದು ಎರಡು ಕಿವಿಯನ್ನೂ ಮುಚ್ಚುವಂಥದ್ದು. ಗುಡುಗಪ್ಪನ ಫೋನು ಎಂದೋ ಮಸಿಯ ಡಬ್ಬಿಗೆ ಬಿದ್ದು, ಅದರ ಸ್ಪೀಕರು ಗರಗರ ಎನ್ನುವುದು ಬಿಟ್ಟು ಬೇರೇನೂ ಹೇಳುತ್ತಿರಲಿಲ್ಲ. ಕಿವಿಗೆ ಹಿಡಿದು ಮಾತಾಡಲು ಅಡ್ಡಿಯಿಲ್ಲ, ಹಾಡು ಕೇಳುವ ಹಾಗಿಲ್ಲ. ಆ ದಿನ ಕೇಳಲೇಬೇಕಾದ ಒಂದು ಹಾಡು ಬರುವುದಿತ್ತು.

ಹಾಡು ಅವನದೇ, ಅವನ ಮತ್ತು ಅವನ ಒಬ್ಬಳೇ ತಂಗಿಯದು. ಇಬ್ಬರೂ ಚಿಕ್ಕವರಿದ್ದಾಗ, ಅಮ್ಮ ಹೇಳಿಕೊಟ್ಟ ದೋಣಿಯ ಹಾಡನ್ನು ಪೇಟೆಯ ಒಂದು ರೆಕಾರ್ಡಿಂಗ್ ಕೋಣೆಯಲ್ಲಿ ಹಾಡಿ ಕ್ಯಾಸೆಟ್ ಮಾಡಿಸಿದ್ದರು. ಇವನು ಉದ್ದ, ಅವಳು ಗಿಡ್ಡ, ಒಂದೇ ಮೈಕು ಇಬ್ಬರ ಬಾಯಿಗೂ ಎಟುಕಲಿಲ್ಲ. ಇವನಿಗೊಂದು, ಅವಳಿಗೊಂದು ಮೈಕು ಕೊಟ್ಟು ಕೋಣೆಯ ಒಂದೊಂದು ಗೋಡೆಗೆ ನಿಲ್ಲಿಸಿದ್ದರು. ಆ ಕ್ಯಾಸೆಟ್ಟು ತಂಗಿಯ ಮನೆಯಲ್ಲೇ ಉಳಿದಿತ್ತು. ಆದರೆ ಅದರ ಕಥೆಯನ್ನು ಗುಡುಗಪ್ಪ ಮಾತ್ರ ಊರಿಗೆಲ್ಲ ಹೇಳಿದ್ದ. ಎರಡನೇ ಚರಣದಲ್ಲಿ ತಂಗಿ ತಪ್ಪಿ ನಿಂತುಬಿಟ್ಟಳು, ತಾನು ಎತ್ತಿ ಹಿಡಿದು ಹಾಡನ್ನು ದಡ ಮುಟ್ಟಿಸಿದೆ ಎಂದು. ಆ ಕಥೆ ಕೇಳಿದಾಗಲೆಲ್ಲ ತಂಗಿ ನಗುತ್ತಿದ್ದಳು, ಇಲ್ಲ ಎಂದು ಒಮ್ಮೆಯೂ ಅಂದವಳಲ್ಲ.

ಈಗ ತಂಗಿಯ ಗಂಟಲಲ್ಲಿ ಗಂಟು. ಮರುದಿನ ಬೆಳಿಗ್ಗೆ ಆಪರೇಷನ್. ಜೀವಕ್ಕೆ ಭಯವಿಲ್ಲ, ದನಿ ಉಳಿಯುವ ಭರವಸೆ ಮಾತ್ರ ಕೊಡಲಾರೆವು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಅದಕ್ಕೇ ಅವಳು ತನ್ನ ಮಗಳಿಂದ ಕ್ಯಾಸೆಟ್ಟಿನ ಹಾಡನ್ನು ಫೋನಿಗೆ ಇಳಿಸಿ ಬೆಳಗ್ಗೆಯೇ ಕಳಿಸಿದ್ದಳು. ಅಣ್ಣ ಕೇಳಿ ಫೋನ್ ಮಾಡಲಿ, ಇವತ್ತು ಮನಸಾರೆ ಮಾತಾಡಬೇಕು ಎಂದು ಹೇಳಿಯೂ ಕಳಿಸಿದ್ದಳು.

ಗುಡುಗಪ್ಪ ಹೆಡ್‌ಫೋನ್ ಹಿಡಿದು ಕೂತ. ಅದನ್ನು ಕೊಡುವಾಗ ಅವನ ಮಗಳು ಬಿಡಿಸಿ ಬಿಡಿಸಿ ಹೇಳಿದ್ದಳು. ಮೊದಲು ಪೂರ್ತಿ ಚಾರ್ಜ್ ಮಾಡು, ಆಮೇಲೆ ಗುಂಡಿಯನ್ನು ಒತ್ತಿ ಹಿಡಿ, ನೀಲಿ ದೀಪ ಮಿಟುಕುವ ತನಕ ಬೆರಳು ತೆಗೀಬೇಡ, ಫೋನಿನಲ್ಲಿ ಬ್ಲೂಟೂತ್ ತೆರೆದು ಇದರ ಹೆಸರು ಮುಟ್ಟು, ಸದ್ದು ಅರ್ಧಕ್ಕಿಂತ ಮೇಲೆ ಏರಿಸಬೇಡ. ಇವನು ಒತ್ತಿದ, ಬಿಟ್ಟ. ಒತ್ತಿದ, ಬಿಟ್ಟ. ಪ್ರೆಸ್ಸಿನಲ್ಲಿ ಒಂದು ಗುಂಡಿ ಮುಟ್ಟಿದರೆ ಅಷ್ಟು ದೊಡ್ಡ ಮೆಷಿನ್ನು ತೆಪ್ಪಗೆ ನಿಲ್ಲುತ್ತದೆ, ಈ ಕಡಲೆಬೀಜದಂಥ ಗುಂಡಿಗೆ ಮೈ ಸವರಿ ಮುದ್ದು ಮಾಡಬೇಕೇ ಎಂದು ರೇಗಿದ. ಕೊನೆಗೆ ದೀಪ ಮಿಟುಕಿತು, ಆದರೆ ಫೋನಿನಲ್ಲಿ ಮಹಡಿಯ ಮೇಲಿನ ಬಾಡಿಗೆಯವರ ಟಿವಿಯ ಹೆಸರು ಮೇಲೆ ಬಂತು. ಅದನ್ನೇ ಮುಟ್ಟಿ, ಅವರ ಮನೆಯಲ್ಲಿ ಏನಾಯಿತೋ ದೇವರೇ ಬಲ್ಲ, ಆಮೇಲೆ ಸರಿಯಾದ ಹೆಸರನ್ನು ಹುಡುಕಿ ಜೋಡಿಸಿದ.

ಒಂದು ವಿಷಯದಲ್ಲಿ ಮಾತ್ರ ಅವನನ್ನು ಮೆಚ್ಚಬೇಕು. ಒಳಗಡೆ ಎಲ್, ಆರ್ ಎಂದು ಅಕ್ಷರವಿದೆ, ನೋಡಿ ಹಾಕ್ಕೋ ಎಂದಿದ್ದಳು ಮಗಳು. ಕಾಗದದ ಎಡ ಬಲ ಕೂದಲೆಳೆಯಷ್ಟು ಜರುಗಿದರೂ ಇಡೀ ಕಂತೆ ರದ್ದಿಗೆ ಹೋಗುವ ಕಸುಬು ಅವನದು. ಎಲ್ ಎಡಕ್ಕೆ, ಆರ್ ಬಲಕ್ಕೆ, ಕನ್ನಡಿ ನೋಡಿ ಪಟ್ಟಿಯನ್ನು ನೆತ್ತಿಯ ನಡುಮಧ್ಯಕ್ಕೆ ತಂದು ಕೂರಿಸಿದ. ಯಾವುದೋ ಸಿನಿಮಾ ಹಾಡು ಹಾಕಿ ನೋಡಿದ, ಚೆನ್ನಾಗಿ ಕೇಳಿಸಿತು. ಪರವಾಗಿಲ್ಲ ಎಂದು ತಲೆದೂಗಿದ. ಆಮೇಲೆ ತಂಗಿಯ ಹಾಡು ಹಾಕಿದ.

ದೋಣಿ ಹೊರಟಿತು. ತಂಗಿಯ ದನಿ, ಎಳೆಯದು, ಸ್ವಚ್ಛವಾದದ್ದು. ತನ್ನ ದನಿ ಎಲ್ಲಿ? ಮೊದಲ ಸಾಲು ಮುಗಿಯಿತು, ಪಲ್ಲವಿ ಮುಗಿಯಿತು, ಇವನ ದನಿಯ ಸುಳಿವೇ ಇಲ್ಲ. ಎರಡನೇ ಚರಣ ಬಂತು. ತಂಗಿ ಅಲ್ಲೇ, ಅವನು ಊರಿಗೆಲ್ಲ ಹೇಳಿದ ಜಾಗದಲ್ಲೇ, ಗಪ್ಪನೆ ನಿಂತಳು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಮೆಲ್ಲಗೆ ಒಂದೇ ಒಂದು ಪದ ಹೇಳಿ, ಮತ್ತೆ ಸರಾಗವಾಗಿ ಹಾಡಿ ಮುಗಿಸಿದಳು.

ಗುಡುಗಪ್ಪ ಹೆಡ್‌ಫೋನನ್ನು ಕಿತ್ತು ಮೇಜಿನ ಮೇಲೆ ಕುಕ್ಕಿದ. ಅಳಿಸಿದ್ದಾಳೆ! ತಾನು ತಪ್ಪಿದ್ದು ಗೊತ್ತಾಗದಿರಲಿ ಅಂತ, ಎತ್ತಿ ಹಿಡಿದವನ ದನಿಯನ್ನೇ ಒರೆಸಿಹಾಕಿದ್ದಾಳೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನೆಲವನ್ನೇ ಕಿತ್ತುಹಾಕಿದಳಲ್ಲ! ಕೂಡಲೇ ತಂಗಿಯ ಮಗಳಿಗೆ ಫೋನ್ ಮಾಡಿದ. ಎಂದಿನಂತೆ ಎಡಗಿವಿಗೆ ಹಿಡಿದ. ಮೆಷಿನ್ನು ಬಲಕ್ಕೆ, ಬಲಗೈ ಅದರ ಮೇಲೆ, ಫೋನು ಎಡಗೈಯಲ್ಲಿ, ಅದು ಪ್ರೆಸ್ಸಿನಿಂದಲೇ ಬಂದ ರೂಢಿ. ಅವಳು ಹಲೋ ಅನ್ನುವುದಕ್ಕೂ ಬಿಡದೆ ಗುಡುಗಿದ.

"ನಿಮ್ಮಮ್ಮನಿಗೆ ಹೇಳು. ನನ್ನ ದನಿ ಬೇಡವಾದವಳಿಗೆ ನನ್ನ ಮಾತು ಯಾಕೆ ಬೇಕಂತೆ?"

ಯಾರೂ ಏನೂ ಅಳಿಸಿಲ್ಲ ಮಾವ ಎಂದು ಆ ಹುಡುಗಿ ಅರ್ಧ ಹೇಳುವಷ್ಟರಲ್ಲಿ ಫೋನ್ ಇಟ್ಟಿದ್ದ. ಸ್ವಲ್ಪ ಹೊತ್ತಿಗೆ ತಂಗಿಯೇ ಮಾಡಿದಳು. ಕಟ್ ಮಾಡಿದ. ಮಧ್ಯಾಹ್ನ ಮತ್ತೆ ಮಾಡಿದಳು. ಮತ್ತೆ ಕಟ್ ಮಾಡಿ, ಊಟದ ತಟ್ಟೆಯ ಮುಂದೆ ಕೂತು ಒಡಹುಟ್ಟಿದವರ ಜಾತಕವನ್ನೆಲ್ಲ ಜಾಲಾಡಿದ.

ಹೆಂಡತಿ ಅವನ ಬಲಕ್ಕೆ ಕೂತಿದ್ದಳು. ಅಡುಗೆಮನೆಯ ಬಾಗಿಲು ಆ ಕಡೆಗೆ, ಹಾಗಾಗಿ ಅವಳು ಕೂರುವುದು ಯಾವಾಗಲೂ ಅಲ್ಲೇ. ಅವಳು ಏನೋ ಅಂದಳು. ಏನೇ ಅದು, ಬಾಯಲ್ಲಿ ನೀರು ತುಂಬ್ಕೊಂಡು ಮಾತಾಡ್ತೀಯಾ ಎಂದು ಇವನು ಸಿಡಿದ. ಇದು ದಿನದ ರಾಮಾಯಣ. ಅವಳು ಗೊಣಗುತ್ತಾಳೆ ಎಂದು ಇವನ ದೂರು, ಇವನು ತನ್ನ ಮಾತನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ ಎಂದು ಅವಳ ದೂರು. ಈ ಸಲ ಅವಳು ದನಿ ಎತ್ತಿದಳು.

"ನಾಳೆ ಇಷ್ಟು ಹೊತ್ತಿಗೆ ಅವಳಿಗೆ ಮಾತು ಇರುತ್ತೋ ಇಲ್ವೋ. ಇವತ್ತು ಕಟ್ ಮಾಡ್ತಿದ್ದೀರಲ್ಲ, ನೀವೆಂಥ ಅಣ್ಣ?"

ಇವನು ಹೆಡ್‌ಫೋನನ್ನು ಅವಳ ಕಡೆ ತಳ್ಳಿ, ನೀನೇ ಕೇಳು, ನನ್ನ ದನಿ ಇದ್ದರೆ ನನ್ನ ಮೀಸೆ ಬೋಳಿಸ್ತೀನಿ ಎಂದ.

ಅವಳು ಕೈ ಒರೆಸಿಕೊಂಡು ಹಾಕಿಕೊಂಡಳು, ಪೂರ್ತಿ ಕೇಳಿದಳು. ಕೇಳುತ್ತ ಕೇಳುತ್ತ ಅವಳ ಮುಖದಲ್ಲಿ ನಗು ಬಂತು. ಇದೆಯಲ್ಲ ನಿಮ್ಮ ದನಿ ಎಂದಳು, ಅವಳಿಗಿಂತ ನಿಮ್ಮದೇ ಜೋರು. ಗುಡುಗಪ್ಪ ಕಿತ್ತುಕೊಂಡು, ಎಲ್ ಎಡಕ್ಕೆ, ಆರ್ ಬಲಕ್ಕೆ, ಅಚ್ಚುಕಟ್ಟಾಗಿ ಹಾಕಿ ಕೇಳಿದ. ಇಲ್ಲ. ಅವಳು ಮತ್ತೆ ಹಾಕಿಕೊಂಡಳು. ಇದೆ. ಇವನು ಹಾಕಿಕೊಂಡ. ಇಲ್ಲ. ನೀನು ಯಾವತ್ತೂ ನಿನ್ನ ನಾದಿನಿ ಕಡೆಗೇ, ಇಬ್ಬರೂ ಸೇರಿ ನನ್ನನ್ನು ಹುಚ್ಚ ಮಾಡಲು ಹೊರಟಿದ್ದೀರಿ ಎಂದ. ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರ ಹತ್ತಿರ ಎಷ್ಟು ಅಂತ ವಾದ ಮಾಡುವುದು? ಅವಳಿಗೂ ರೇಗಿತು. ಅವನ ಎದುರು ನಿಂತು, ತನ್ನ ತಲೆಯಿಂದ ಹೆಡ್‌ಫೋನನ್ನು ಎರಡೂ ಕೈಯಲ್ಲಿ ತೆಗೆದು, ಹಾಗೇ ನೇರವಾಗಿ ಅವನ ತಲೆಗೆ ತೊಡಿಸಿಬಿಟ್ಟಳು.

ಎದುರು ನಿಂತು ತೊಡಿಸಿದರೆ ಬಲದ್ದು ಎಡಕ್ಕೆ ಬರುತ್ತದೆ. ಆ ಹೊತ್ತಿಗೆ ಅದು ಇಬ್ಬರಿಗೂ ಹೊಳೆಯಲಿಲ್ಲ.

ಹಾಡು ಹತ್ತಿತು. ಗುಡುಗಪ್ಪನ ಬಾಯಿ ತೆರೆದದ್ದು ತೆರೆದೇ ಉಳಿಯಿತು. ತನ್ನ ದನಿ! ಆಗಷ್ಟೇ ಒಡೆಯುತ್ತಿದ್ದ ಗಂಟಲು, ಅದೇ ಧಿಮಾಕು. ಆದರೆ ಈಗ ತಂಗಿಯ ದನಿ ಇಲ್ಲ. ಒಂದು ಉಸಿರೂ ಇಲ್ಲ.

"ಈಗ ಅವಳಿಲ್ಲ ಕಣೇ," ಎಂದ. ದನಿ ತಗ್ಗಿತ್ತು.

ಹೆಂಡತಿ ಅವನನ್ನೇ ನೋಡಿದಳು, ಹೆಡ್‌ಫೋನಿನ ಅಕ್ಷರ ನೋಡಿದಳು. ಅದನ್ನು ತೆಗೆದು ಮೇಜಿನ ಮೇಲಿಟ್ಟು, ಅವನ ಬಲಗಿವಿಯ ಹತ್ತಿರಕ್ಕೆ ಬಾಗಿ ಏನೋ ಹೇಳಿದಳು. ಅವಳ ಬಿಸಿ ಉಸಿರು ಕಿವಿಗೆ ತಾಗಿತು. ಮಾತು ಬರಲಿಲ್ಲ. ಅವಳು ಸುತ್ತಿ ಬಂದು ಎಡಕ್ಕೆ ನಿಂತಳು.

"ಇಷ್ಟು ವರ್ಷ ನಾನು ಆ ಕಡೆಯಿಂದ್ಲೇ ಮಾತಾಡ್ತಿದ್ದೆ ಕಣ್ರೀ."

ಗುಡುಗಪ್ಪ ಬಲಗಿವಿಯನ್ನು ಹಿಂಡಿದ, ತಟ್ಟಿದ, ಒಳಗೆ ಬೆರಳು ಹಾಕಿ ಅಲ್ಲಾಡಿಸಿದ. ಆಮೇಲೆ ಅದಕ್ಕೇ ಬೈಯತೊಡಗಿದ. ಪ್ರೆಸ್ಸಿನಲ್ಲಿ ಒಂದು ದಿನದ ರಜೆಗೂ ಜನ ಮುಂಚೆ ಹೇಳಿ ಹೋಗುತ್ತಾರೆ, ಇದು ಹೇಳದೆ ಕೇಳದೆ ಕೆಲಸ ಬಿಟ್ಟು ಹೋಗಿದೆಯಲ್ಲ, ಯಾವಾಗ ಹೋಯಿತು, ಯಾರನ್ನು ಕೇಳಿ ಹೋಯಿತು? ಬೈಯುತ್ತಲೇ ಕಣ್ಣು ತುಂಬಿತು. ಹೆಂಡತಿ ಬೈಯಲು ಬಿಟ್ಟಳು. ಅದೊಂದೇ ಅವನಿಗೆ ಗೊತ್ತಿದ್ದ ಅಳು.

ಮಗಳಿಗೆ ಫೋನ್ ಮಾಡಿದವಳು ಹೆಂಡತಿಯೇ. ಮಗಳು ನೇರವಾಗಿ ಕೆಲಸದ ಮಾತಿಗೆ ಬಂದಳು. ಕಿವಿಯನ್ನು ಡಾಕ್ಟರಿಗೆ ತೋರಿಸೋಣ, ಅದು ನಾಳೆಯ ಮಾತು. ಇಬ್ಬರಿಗೂ ಬೇರೆ ಬೇರೆ ಮೈಕು, ಅದಕ್ಕೇ ಅತ್ತೆಯ ದನಿ ಎಡಗಡೆಗೆ, ಅಪ್ಪನದು ಬಲಗಡೆಗೆ ಬಿದ್ದಿದೆ. ಅಪ್ಪನ ಫೋನಿನ ಸೆಟ್ಟಿಂಗ್ಸಿನಲ್ಲಿ ಮೋನೋ ಅಂತ ಒಂದು ಇದೆ, ಅದನ್ನು ಆನ್ ಮಾಡಿದರೆ ಎರಡು ಕಡೆಯ ಸದ್ದೂ ಕೂಡಿ ಒಂದೇ ಕಿವಿಗೂ ಪೂರ್ತಿ ಬರುತ್ತದೆ ಎಂದಳು. ಅವಳು ಹೇಳುತ್ತ ಹೋದ ಹಾಗೆ ಹೆಂಡತಿ ಹುಡುಕಿ ಅದನ್ನು ಮುಟ್ಟಿದಳು.

ಮೂರನೇ ಬಗೆಯಲ್ಲಿ ಅದೇ ಹಾಡು. ಈಗ ಇಬ್ಬರೂ ಇದ್ದರು. ಅಣ್ಣ ತಂಗಿ ಒಂದೇ ದೋಣಿಯಲ್ಲಿ ಹೊರಟರು, ಪಲ್ಲವಿ ದಾಟಿದರು, ಎರಡನೇ ಚರಣಕ್ಕೆ ಬಂದರು. ಅಲ್ಲಿ ಗುಡುಗಪ್ಪ ಸಾಲು ಮರೆತ. ಅವನೇ, ತಂಗಿಯಲ್ಲ. ಅವನ ದನಿ ತಡವರಿಸಿ, ಉಂ ಉಂ ಎಂದು ಕತ್ತಲಲ್ಲಿ ಗೋಡೆ ತಡಕಿತು. ಅದನ್ನು ಕೇಳಿ ತಂಗಿ ತನ್ನ ಹಾಡನ್ನು ನಿಲ್ಲಿಸಿದಳು. ಒಂಟಿಯಾಗಿ ಮುಂದೆ ಹೋಗಲಿಲ್ಲ. ಕಾದು ನಿಂತು, ಮೆಲ್ಲಗೆ ಅವನಿಗೆ ಮುಂದಿನ ಪದ ಎತ್ತಿಕೊಟ್ಟಳು. ಅವನು ಅದನ್ನು ಹಿಡಿದುಕೊಂಡ ಮೇಲೆಯೇ ತಾನೂ ಸೇರಿ ಹಾಡಿದಳು.

ಗುಡುಗಪ್ಪ ಹೆಡ್‌ಫೋನ್ ತೆಗೆದು ಆಫ್ ಮಾಡಿದ. ಹೊರಗೆ ಇನ್ನೂ ಬೆಳಕಿತ್ತು. ತಂಗಿಗೆ ಫೋನ್ ಮಾಡಿದ. ಒಂದೇ ರಿಂಗಿಗೆ ಎತ್ತಿದಳು. ಅವಳ ದನಿ ಒಡೆದು ಸವೆದಿತ್ತು.

"ಅಣ್ಣಾ, ಹಾಡು ಕೇಳಿದ್ಯಾ?"

ಹೇಳಬೇಕಾದದ್ದು ಬಹಳ ಇತ್ತು, ಹೇಳಿದ್ದು ಇಷ್ಟೇ.

"ಎರಡನೇ ಚರಣದಲ್ಲಿ ನೀನು ನನಗೋಸ್ಕರ ಕಾದು ನಿಂತಿದ್ದೆ ಅಲ್ವಾ?"

"ಇವತ್ತೂ ಕಾಯ್ತಾನೇ ಇದ್ದೆ," ಎಂದಳು ತಂಗಿ. "ಬೆಳಗ್ಗೆಯಿಂದ."

ಗುಡುಗಪ್ಪ ಫೋನನ್ನು ಎಡಗಿವಿಗೆ ಒತ್ತಿ ಹಿಡಿದು ನೆಲದ ಮೇಲೇ ಕೂತ.

"ಮಾತಾಡವ್ವ," ಎಂದ. "ನಾನು ಬಾಯಿ ಮುಚ್ಕೊಂಡು ಕೇಳ್ತೀನಿ."