ಲೂಪೆಯ ಉಸಿರು ಮತ್ತು ಕಣ್ಣಿಗೆ ಕಾಣದ ಬೆಳಕು

ನಮ್ಮೂರಲ್ಲಿ ಮಗುವಿಗೆ ಕೆಮ್ಮು ಬಂದರೆ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಜುಲೈ ತಿಂಗಳ ಗಾಳಿ ಸಮುದ್ರದಿಂದ ಬೀಸತೊಡಗಿದರೆ ಮನೆಗೊಂದು ಮಗು ಮೂಗು ಸುರಿಸುತ್ತಿರುತ್ತದೆ. ಎದೆಗೆ ಬೆಚ್ಚಗಿನ ತೆಂಗಿನೆಣ್ಣೆ ತಿಕ್ಕುತ್ತೇವೆ. ಕಿತ್ತಳೆ ಎಲೆ ಕುದಿಸಿ ಕುಡಿಸುತ್ತೇವೆ. ನಾಲ್ಕು ದಿನಕ್ಕೆ ಮಗು ಮತ್ತೆ ಕೋಳಿಗಳ ಹಿಂದೆ ಓಡುತ್ತದೆ. ಪಕ್ಕದ ಮನೆಯ ಲೂಪೆಗೆ ಕೆಮ್ಮು ಬಂದಾಗಲೂ ನಾವು ಹಾಗೇ ಅಂದುಕೊಂಡೆವು.

ಲೂಪೆಗೆ ಎರಡು ವರ್ಷ. ಅವಳ ಅಪ್ಪನಿಗೆ ದ್ವೀಪದಿಂದ ದ್ವೀಪಕ್ಕೆ ಹೋಗುವ ಹಡಗಿನಲ್ಲಿ ಕೆಲಸ. ಮನೆಯಲ್ಲಿ ಅಮ್ಮ ತಿರೇಸಾ ಮತ್ತು ತಿರೇಸಾಳ ಅಪ್ಪ ಲೌಫಿಸೊ ಅಜ್ಜ. ಭಾನುವಾರದ ಊಟಕ್ಕೆ ಕಲ್ಲು ಕಾಯಿಸಿ ಅದರ ಶಾಖದಲ್ಲಿ ಬೇಯಿಸುವ ಒಲೆ ಹೂಡುವುದರಲ್ಲಿ ಇಡೀ ಸವಾಯಿ ದ್ವೀಪದಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ಅಜ್ಜ ಹೇಳಿಕೊಳ್ಳುತ್ತಾನೆ. ತಿಂದವರು ಯಾರೂ ಇಲ್ಲ ಅಂದಿಲ್ಲ.

ಗುರುವಾರ ಶುರುವಾದ ಕೆಮ್ಮು ಭಾನುವಾರವಾದರೂ ಬಿಡಲಿಲ್ಲ. ಅಂದು ಬೆಳಿಗ್ಗೆ ನಮ್ಮ ಮನೆಯ ಹಲಸಿನಂಥ ದೀವಿಕಾಯಿಗಳನ್ನೂ ಅಜ್ಜನ ಒಲೆಗೇ ಹಾಕಿಸೋಣವೆಂದು ಹೋದೆ. ಲೂಪೆ ಚಾಪೆಯ ಮೇಲೆ ಸುಮ್ಮನೆ ಮಲಗಿದ್ದಳು. ಅಳುತ್ತಿರಲಿಲ್ಲ, ಕರೆದರೂ ತಿರುಗಲಿಲ್ಲ. ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಎದೆ ಗುಳಿ ಬೀಳುತ್ತಿತ್ತು.

ಹಿಂದಿನ ತಿಂಗಳಷ್ಟೇ ನಮ್ಮ ಮಹಿಳಾ ಸಮಿತಿಯ ಸಭೆಯಲ್ಲಿ ನರ್ಸ್ ಎಪೆನೇಸಾ ಇದೇ ಅಪಾಯದ ಗುರುತೆಂದು ಹೇಳಿಕೊಟ್ಟಿದ್ದಳು. ಓಡಿಹೋಗಿ ಅವಳನ್ನು ಕರೆತಂದೆ. ಚರ್ಚಿಗೆ ಹೊರಟಿದ್ದವಳು ತಲೆಯ ಮೇಲಿನ ಬಿಳಿ ಟೋಪಿ ತೆಗೆಯದೆ, ಔಷಧಿ ಚೀಲ ಹೆಗಲಿಗೆ ಹಾಕಿಕೊಂಡು ಹಾಗೇ ಬಂದಳು. ಎಪೆನೇಸಾ ಲೌಫಿಸೊ ಅಜ್ಜನ ತಂಗಿಯ ಮಗಳು.

ಲೂಪೆಯ ಅಂಗಿ ಮೇಲೆತ್ತಿ, ಗಡಿಯಾರ ನೋಡುತ್ತ ಒಂದು ನಿಮಿಷ ಪೂರ್ತಿ ಉಸಿರು ಎಣಿಸಿದಳು. ಐವತ್ತಾರು. ನಲವತ್ತರೊಳಗಿರಬೇಕಿತ್ತು.

"ಮಾವ, ಪುಟ್ಟಿನ ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು."

ಅಜ್ಜ ಒಲೆಯ ಹತ್ತಿರದಿಂದಲೇ ಕೂಗಿದ. "ಏನೇ ನಿನ್ನ ಅವಸರ? ಶೀತ ಅಷ್ಟೆ. ಪ್ರಾರ್ಥನೆ ಮುಗೀಲಿ, ಊಟ ಆಗ್ಲಿ. ನಾಳೆ ನೋಡೋಣ."

ಎಪೆನೇಸಾ ಚೀಲದಿಂದ ಒಂದು ಪುಟ್ಟ ಯಂತ್ರ ತೆಗೆದಳು. ಬಟ್ಟೆ ಒಣಹಾಕುವ ಕ್ಲಿಪ್ಪಿನ ಹಾಗಿತ್ತು. ಬಾಯಿ ತೆರೆದರೆ ಒಳಗೆ ಕೆಂಪು ಬೆಳಕು. ಅದನ್ನು ಕಂಡಿದ್ದೇ ಅಜ್ಜ ಎದ್ದು ಬಂದ.

"ಆಚೆ ಇಡು ಅದನ್ನ! ಮಗು ಮೈಯೊಳಕ್ಕೆ ಬೆಳಕು ಬಿಡೋದು ಬೇಡ. ನಮ್ಮಣ್ಣನ ಎದೆಗೆ ಹಾಗೇ ಬಿಟ್ಟು ಚಿತ್ರ ತೆಗೆದ್ರು. ಮೂರೇ ವಾರಕ್ಕೆ ಅವನನ್ನ ಮಣ್ಣು ಮಾಡಿ ಬಂದೆ."

ತಿರೇಸಾ ಮಗಳನ್ನು ಎತ್ತಿಕೊಂಡು ನಮ್ಮಿಬ್ಬರ ಮುಖ ನೋಡಿದಳು. ಅಪ್ಪನ ಮಾತು ಮೀರುವುದು ಅವಳಿಗೆ ಅಭ್ಯಾಸವಿಲ್ಲ.

ಎಪೆನೇಸಾ ಸಿಟ್ಟಾಗಲಿಲ್ಲ. ಅಜ್ಜನ ಕೈ ಹಿಡಿದಳು. "ಮಾವ, ದೊಡ್ಡ ಮಾವನ ಕಾಯಿಲೆ ಮೊದಲೇ ಇತ್ತು. ಚಿತ್ರದಲ್ಲಿ ಅದು ಕಾಣಿಸ್ತು ಅಷ್ಟೆ. ಅದು ಎಕ್ಸ್-ರೇ. ಇದು ಬೇರೆ. ಇದು ನನಗಿಂತ ನಿನಗೇ ಚೆನ್ನಾಗಿ ಗೊತ್ತಿರೋ ಬೆಳಕು. ಎರಡೇ ನಿಮಿಷ ಬಾ. ತಿರೇಸಾ, ನೀನು ಅಷ್ಟರಲ್ಲಿ ಮಗೂದು ಬಟ್ಟೆ ತಗೋ."

ಅವನನ್ನು ಒಲೆಯ ಬಳಿಗೆ ಕರೆದೊಯ್ದಳು. ಸೌದೆ ಉರಿದು ಮುಗಿದಿತ್ತು. ಕಲ್ಲುಗಳು ಬೂದುಬಣ್ಣವಾಗಿ ಬಿದ್ದಿದ್ದವು.

"ಕಲ್ಲು ಕಾದಿದೆಯಾ ಮಾವ?"

ಅಜ್ಜ ಒಂದು ಗೇಣು ಮೇಲೆ ಅಂಗೈ ಹಿಡಿದ. "ಕಾದಿದೆ. ಹದವಾಗಿದೆ."

"ಉರಿ ಇಲ್ಲ, ಕೆಂಪೂ ಇಲ್ಲ. ಮುಟ್ಟಲೂ ಇಲ್ಲ. ಹೇಗೆ ಗೊತ್ತಾಯ್ತು?"

"ಶಾಖ ಕಣೇ. ಕೈಗೆ ಬಡಿಯುತ್ತಲ್ಲ!"

"ಆ ಶಾಖ ಬರೋದೂ ಬೆಳಕಾಗಿಯೇ. ಕೆಂಪಿಗಿಂತ ಸ್ವಲ್ಪ ಆಚೆ ಇರೋ ಬೆಳಕು. ಕಣ್ಣಿಗೆ ಸಿಗಲ್ಲ, ಚರ್ಮಕ್ಕೆ ಸಿಗುತ್ತೆ. ಅವಗೆಂಪು ಬೆಳಕು ಅಂತಾರೆ. ಕಲ್ಲಿಂದ ಬರುತ್ತೆ, ನಿನ್ನ ಮೈಯಿಂದಲೂ ಬರ್ತಾ ಇದೆ."

"ಈ ಮುದುಕನ ಮೈಯಿಂದ ಬೆಳಕಾ? ಪಾದ್ರಿಗಳಿಗೆ ಹೇಳ್ಬೇಡ, ಸಂತ ಅಂದುಬಿಟ್ಟಾರು."

ನಗು ಬಂದರೂ ನಾವ್ಯಾರೂ ನಗಲಿಲ್ಲ. ಎಪೆನೇಸಾ ಒಳಗಿನಿಂದ ಟೀವಿಯ ರಿಮೋಟು ತಂದಳು. ನನ್ನ ಫೋನಿನ ಕ್ಯಾಮೆರಾವನ್ನು ಅದರ ಮೂತಿಗೆ ಹಿಡಿಯಲು ಹೇಳಿದಳು. ಗುಂಡಿ ಒತ್ತಿದಳು. ಏನೂ ಕಾಣಲಿಲ್ಲ.

"ನೋಡ್ದೆಯಾ? ಏನೂ ಇಲ್ಲ," ಅಂದ ಅಜ್ಜ.

"ಅಕ್ಕ, ಹಿಂದಿನ ಕ್ಯಾಮೆರಾ ಈ ಬೆಳಕನ್ನ ತಡೆಯುತ್ತೆ, ಮುಖದ ಕಡೆಯದನ್ನ ಹಾಕು," ಅಂದಳು ನನಗೆ. ಹಾಕಿದೆ. ಈ ಸಲ ಫೋನಿನಲ್ಲಿ ರಿಮೋಟಿನ ತುದಿಗೆ ನೇರಳೆ ಚುಕ್ಕೆಯೊಂದು ಪಕ್ ಪಕ್ ಅಂತ ಮಿಣುಕಿತು. ಅಜ್ಜ ರಿಮೋಟನ್ನು ನೋಡಿದ, ಕತ್ತಲು. ಫೋನನ್ನು ನೋಡಿದ, ಬೆಳಕು. ರಿಮೋಟು ಕಿತ್ತುಕೊಂಡು ತಾನೇ ನಾಲ್ಕು ಸಲ ಒತ್ತಿದ.

"ಎಲಾ ಇದರ! ಇಷ್ಟು ವರ್ಷ ರಗ್ಬಿ ನೋಡ್ವಾಗ ಇದು ನನ್ನ ಕೈಯಲ್ಲೇ ಕಣ್ಣು ಹೊಡೀತಾ ಇತ್ತಾ?"

"ಇತ್ತು. ನಿನ್ನ ಕೈ ಸುಟ್ಟಿತಾ?"

"ಇಲ್ಲ."

"ಈ ಕ್ಲಿಪ್ಪಲ್ಲೂ ಅಷ್ಟೇ ಮಾವ. ಒಂದು ಕಾಣೋ ಕೆಂಪು, ಒಂದು ಕಾಣದ ಅವಗೆಂಪು. ಎರಡೂ ಬೆರಳು ದಾಟಿ ಆಚೆ ಬರ್ತವೆ. ಆಕ್ಸಿಜನ್ ತುಂಬಿದ ರಕ್ತ ಒಂದು ಥರ ಬೆಳಕು ನುಂಗುತ್ತೆ, ಕಡಿಮೆ ಇರೋ ರಕ್ತ ಇನ್ನೊಂದು ಥರ. ಅದನ್ನ ನೋಡಿ ಯಂತ್ರ ಲೆಕ್ಕ ಹೇಳುತ್ತೆ. ಸೂಜಿ ಇಲ್ಲ, ನೋವಿಲ್ಲ."

ಅಜ್ಜ ತೋರುಬೆರಳು ಚಾಚಿದ. "ಮೊದಲು ನನಗೆ ಹಾಕು. ಏನಾದ್ರೂ ಆಗೋದಿದ್ರೆ ನನಗಾಗ್ಲಿ."

ನೂರಕ್ಕೆ ತೊಂಬತ್ತೇಳು ಎಂದು ತೋರಿಸಿತು. ಅಜ್ಜ ಬೆರಳನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡು ತಲೆಯಾಡಿಸಿದ.

ಎಪೆನೇಸಾ ಲೂಪೆಯ ತಣ್ಣನೆಯ ಪಾದವನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ, ಚೀಲದಲ್ಲಿದ್ದ ಮಕ್ಕಳ ಕ್ಲಿಪ್ಪನ್ನು ಹೆಬ್ಬೆರಳಿಗೆ ಹಾಕಿದಳು. ಎಂಬತ್ತೊಂಬತ್ತು, ಎಂಬತ್ತೆಂಟು. ಅಲ್ಲೇ ನಿಂತಿತು.

"ಇದು ಎಷ್ಟಿರ್ಬೇಕು?" ಅಜ್ಜ ಮೆಲ್ಲಗೆ ಕೇಳಿದ.

"ತೊಂಬತ್ತೈದರ ಮೇಲಿರ್ಬೇಕು ಮಾವ. ತೊಂಬತ್ತಕ್ಕಿಂತ ಕಡಿಮೆ ಅಂದ್ರೆ ಈಗಲೇ ಆಕ್ಸಿಜನ್ ಕೊಡ್ಬೇಕು. ಇವಳಿಗೆ ನ್ಯುಮೋನಿಯಾ ಇರೋ ಹಾಗಿದೆ."

ಅಜ್ಜ ಮೊಮ್ಮಗಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡ. "ಅಪ್ಪಾ, ಒಲೆ..." ಅಂದಳು ತಿರೇಸಾ. "ಸುಟ್ಟು ಹೋಗ್ಲಿ ಬಿಡೇ!" ಅಂದ. ನಾನು ನಮ್ಮ ಪಿಕಪ್ ಗಾಡಿ ಓಡಿಸಿದೆ. ದಾರಿಯುದ್ದಕ್ಕೂ ಚರ್ಚುಗಳಿಂದ ಹಾಡು ಕೇಳುತ್ತಿತ್ತು. ಅಜ್ಜ ಮಗುವಿನ ಬೆನ್ನಿಗೆ ಕೈಯಿಟ್ಟು ಉಸಿರು ಎಣಿಸುತ್ತಲೇ ಇದ್ದ.

ಆಸ್ಪತ್ರೆಯಲ್ಲಿ ಮೂಗಿಗೆ ಸಣ್ಣ ನಳಿಕೆಯಿಟ್ಟು ಆಕ್ಸಿಜನ್ ಕೊಟ್ಟರು. ಔಷಧಿ ಶುರುಮಾಡಿದರು. ನ್ಯುಮೋನಿಯಾ ಹೌದೆಂದರು. ತೊಂಬತ್ತೊಂದು, ತೊಂಬತ್ತಮೂರು, ತೊಂಬತ್ತಾರು. ಅಂಕಿ ಏರಿದ ಹಾಗೆ ಲೂಪೆಯ ತುಟಿಗೆ ಬಣ್ಣ ಬಂತು. ಮೂರು ಗಂಟೆಯ ಹೊತ್ತಿಗೆ ಅವಳು ಅಮ್ಮನನ್ನು ನೋಡಿ ಅತ್ತಳು. ಆ ಅಳು ಕೇಳಿ ತಿರೇಸಾಳೂ ಅತ್ತಳು. ಅಜ್ಜ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡ.

ಐದು ದಿನ ಅಲ್ಲೇ ಇದ್ದರು. ಎಪೆನೇಸಾ ನೋಡಲು ಬಂದಾಗಲೆಲ್ಲ ಅಜ್ಜನಿಗೆ ಒಂದಲ್ಲ ಒಂದು ಪ್ರಶ್ನೆ.

"ಆ ಬೆಳಕಿಂದ ಬೇರೆ ಏನು ಮಾಡ್ತಾರೆ?"

"ರಾತ್ರಿ ಹೊತ್ತು ಚಂಡಮಾರುತ ಬರ್ತಿದೆ ಅಂತ ರೇಡಿಯೋದಲ್ಲಿ ಹೇಳ್ತಾರಲ್ಲ, ಕತ್ತಲಲ್ಲಿ ಮೋಡ ನೋಡೋರು ಯಾರು ಅಂದ್ಕೊಂಡೆ? ಆಕಾಶದಲ್ಲಿರೋ ಉಪಗ್ರಹ. ಮೋಡದಿಂದ ಬರೋ ಅವಗೆಂಪು ಬೆಳಕನ್ನ ಹಿಡಿದು ನೋಡುತ್ತೆ. ಕಾಡಲ್ಲಿ ದಾರಿ ತಪ್ಪಿದವರನ್ನ ಮೈ ಶಾಖದಿಂದಲೇ ಹುಡುಕ್ತಾರೆ. ಧೂಳಿನ ಮೋಡದ ಹಿಂದೆ ಹುಟ್ತಾ ಇರೋ ನಕ್ಷತ್ರಗಳೂ ಈ ಬೆಳಕಲ್ಲಿ ಕಾಣ್ತವೆ."

ಅಜ್ಜ ನಿದ್ದೆಹೋಗಿದ್ದ ಲೂಪೆಯ ಪಾದ ಸವರಿದ. "ನಕ್ಷತ್ರ ನೋಡೋ ಬೆಳಕು ಬಂದು ನಮ್ಮ ಪುಟ್ಟಿ ಹೆಬ್ಬೆರಳು ನೋಡ್ತಲ್ಲೇ," ಅಂದ.

ಈಗ ತಿಂಗಳಿಗೊಮ್ಮೆ ನಮ್ಮ ಸಮಿತಿಯ ಮನೆಯಲ್ಲಿ ಮಕ್ಕಳ ತೂಕ ನೋಡುವ ದಿನ ಲೌಫಿಸೊ ಅಜ್ಜನೂ ಬರುತ್ತಾನೆ. ಕ್ಲಿಪ್ಪು ಕಂಡು ಮಕ್ಕಳು ಹೆದರಿದರೆ ಮೊದಲು ತನ್ನ ಬೆರಳು ಒಡ್ಡುತ್ತಾನೆ. ಹಿಂಜರಿಯುವ ಅಜ್ಜಿಯರ ಜೊತೆ ವಾದಿಸುವುದೂ ಅವನೇ. "ನಾನೂ ಹೀಗೇ ಅಡ್ಡ ನಿಂತಿದ್ದೆ ಕಣಮ್ಮ. ಇನ್ನೊಂದು ದಿನ ನಿಂತಿದ್ರೆ ನನ್ನ ಪುಟ್ಟಿ ಇರ್ತಿರ್ಲಿಲ್ಲ," ಅನ್ನುತ್ತಾನೆ.

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಕೆಮ್ಮುವ ಮಗುವಿನ ಉಸಿರನ್ನು ಒಂದು ನಿಮಿಷ ಪೂರ್ತಿ ಎಣಿಸಿ. ವರ್ಷ ದಾಟಿದ ಮಗುವಿಗೆ ನಲವತ್ತು, ವರ್ಷದೊಳಗಿನ ಕೂಸಿಗೆ ಐವತ್ತು, ಎರಡು ತಿಂಗಳೂ ತುಂಬದ ಹಸುಗೂಸಿಗೆ ಅರವತ್ತು ಮುಟ್ಟಿದರೆ ಅದೇ ದಿನ ನರ್ಸಿಗೆ ತೋರಿಸಿ. ಎದೆ ಗುಳಿ ಬಿದ್ದರೆ, ತುಟಿ ನೀಲಿಯಾದರೆ, ಮಗು ಹಾಲು ನೀರು ಬಿಟ್ಟರೆ ಆ ಕ್ಷಣವೇ ಹೊರಡಿ. ಊಟ, ಪ್ರಾರ್ಥನೆ ಕಾಯುತ್ತವೆ. ಕ್ಲಿಪ್ಪು ಹಾಕಿಸಿಕೊಳ್ಳಲು ಅಂಜಬೇಡಿ. ಉಗುರುಬಣ್ಣವಿದ್ದರೆ ಅಳಿಸಿ, ಕೈಕಾಲು ತಣ್ಣಗಿದ್ದರೆ ಬೆಚ್ಚಗೆ ಮಾಡಿ. ಒಂದು ಮಾತು ನೆನಪಿರಲಿ. ನಮ್ಮಂಥ ಕಂದು ಮೈಬಣ್ಣದವರಲ್ಲಿ ಅಂಕಿ ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚೇ ತೋರಿಸಬಹುದು. ಅಂಕಿ ಚೆನ್ನಾಗಿದ್ದೂ ಮಗು ಸುಸ್ತಾಗಿ ಕಂಡರೆ ನಿಮ್ಮ ಕಣ್ಣನ್ನೇ ನಂಬಿ, ನರ್ಸಿಗೆ ಹಾಗೆಂದು ಹೇಳಿ.

ನಿಮ್ಮ ಮನೆಯಲ್ಲಿ ಈಗ ಮಗುವೊಂದು ನಿದ್ದೆ ಮಾಡುತ್ತಿದ್ದರೆ ಈ ಹಾಳೆ ಕೆಳಗಿಡಿ. ಹತ್ತಿರ ಕೂತು, ಅಂಗಿ ಮೆಲ್ಲಗೆ ಮೇಲೆತ್ತಿ, ಒಂದು ನಿಮಿಷ ಎಣಿಸಿ ನೋಡಿ. ಆರೋಗ್ಯವಾಗಿರುವಾಗ ಅದರ ಉಸಿರು ಹೇಗಿರುತ್ತದೆ ಎಂದು ಇವತ್ತೇ ತಿಳಿದುಕೊಳ್ಳಿ.