ಮುಗಿಯದ ಮರಳು

ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತು, ಕಪಾಟಿನ ಮೇಲಿದ್ದ ಮರದ ತಟ್ಟೆಯನ್ನು ಅಂಚಿಗೆ ಎಳೆಯುತ್ತಿದ್ದವಳ ಮೂಗಿಗೆ ಒದ್ದೆ ಮರಳಿನ ವಾಸನೆ ಬಡಿಯಿತು. ಅವಳಿಗೆ ಎಂಟು ವರ್ಷವಿದ್ದಾಗ ಬುಧವಾರಗಳಿಗೆಲ್ಲ ಇದೇ ವಾಸನೆಯಿತ್ತು. ಕೈ ತಾನಾಗಿ ನಿಂತಿತು.

“ಇಳಿಸಮ್ಮ, ಹಿಡ್ಕೊಂಡಿದೀನಿ,” ಎಂದಳು ಕೆಳಗಿದ್ದ ಆಯಾ. “ಬೀಳಿಸಿದ್ರೆ ಟೀಚರ್ ಎದ್ದು ಬಂದು ಬೈತಾರೆ.”

ಟೀಚರ್ ಪಕ್ಕದ ಹಜಾರದಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಮನಸ್ಸಿಗೆ ಪೆಟ್ಟು ಬಿದ್ದ ಮಕ್ಕಳನ್ನು ಮರಳು ತುಂಬಿದ ತಟ್ಟೆಯ ಮುಂದೆ ಕೂರಿಸಿ, ಪುಟ್ಟ ಗೊಂಬೆಗಳನ್ನು ಕೊಟ್ಟು, ಬಾಯಿಗೆ ಬಾರದ್ದನ್ನು ಕೈಯಿಂದ ಹೇಳಿಸುತ್ತಿದ್ದವರು. ಮಕ್ಕಳು ಟೀಚರ್ ಎಂದರು, ಅದೇ ಉಳಿಯಿತು.

ಬಂದವರಿಗೆ ಕುರ್ಚಿ ಸಾಲದೆ ಆಟದ ಕೋಣೆಯ ಕುರ್ಚಿಗಳನ್ನೂ ಹೊರಗೆ ಸಾಗಿಸಿದ್ದರು. ಟೀಚರ ತಂಗಿ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡರು.

“ಮರಳೆಲ್ಲ ಹಿತ್ತಲಿಗೆ ಸುರಿದುಬಿಡಿ. ಅಕ್ಕ ಇದ್ದಾಗ್ಲೂ ಕಾಲಿಗೆ ಮರಳು, ಹೋದ ದಿನವೂ ಕಾಲಿಗೆ ಮರಳು.”

“ಉಳಿದಿದ್ದು ಸುರೀತೀನಿ. ಇದೊಂದನ್ನ ಮಾತ್ರ ಕೇಳ್ಬೇಡಿ,” ಆಯಾ ಕಡ್ಡಿ ಮುರಿದಂತೆ ಹೇಳಿದಳು. “ಒಣಗಿ ಕುಸಿದೀತು ಅಂತ ವಾರ ವಾರ ನೀರು ಚಿಮುಕಿಸ್ತಿದ್ರು. ಆಸ್ಪತ್ರೆಯಿಂದ ಫೋನ್ ಮಾಡೋರು, ‘ನನ್ನ ಔಷಧಿ ಹಾಗಿರ್ಲಿ, ಅದಕ್ಕೆ ನೀರು ಹಾಕಿದ್ಯಾ?’ ಅಂತ.”

ತಟ್ಟೆ ನೆಲಕ್ಕಿಳಿಯಿತು. ಅಂಚಿನಲ್ಲಿ ಹಳದಿಯಾದ ಚೀಟಿ: ‘ಬುಧವಾರ, ನಾಲ್ಕು ಗಂಟೆ. ಮುಗಿದಿಲ್ಲ.’

ಮರಳಿನಲ್ಲಿ ಕೆಮ್ಮಿನ ಔಷಧಿ ಅಳೆಯುವ ಪ್ಲಾಸ್ಟಿಕ್ ಲೋಟ ಹೂತಿತ್ತು. ಅದು ನೀರಿನ ತೊಟ್ಟಿ. ಅದರೊಳಗೆ ಬೆರಳುದ್ದದ ಗೊಂಬೆ, ತಲೆಕೆಳಗಾಗಿ. ದೂರದಲ್ಲಿ, ಗೋಡೆಯ ಹಿಂದೆ, ಜಡೆಯ ಹುಡುಗಿ. ತೊಟ್ಟಿಯ ಪಕ್ಕದಲ್ಲೇ ದೊಡ್ಡ ಹೆಂಗಸು. ಅವಳ ಕೈಗೆ ಒರಗಿಸಿದ ಕಪ್ಪು ಕೋಟಿನ ಗುಂಡಿ. ಅದು ಮುಚ್ಚಳ.

ಎಂಟನೆಯ ವಯಸ್ಸಿನಲ್ಲಿ ಅವಳೇ ಇಟ್ಟದ್ದು, ಇಟ್ಟಲ್ಲೇ ಇತ್ತು.

*

ತಮ್ಮನಿಗೆ ಆಗ ಮೂರು ವರ್ಷ. ಬಟ್ಟೆ ಒಗೆಯಲೆಂದು ಅಮ್ಮ ತೊಟ್ಟಿಯ ಮುಚ್ಚಳ ತೆಗೆದಳು, ಒಳಗೆ ಫೋನ್ ಹೊಡೆದುಕೊಂಡಿತು, ಹೋದಳು. ಅಷ್ಟೇ. ಆಮೇಲೆ ನೆರೆಹೊರೆಯೆಲ್ಲ ಸೇರಿದಾಗ ಅಮ್ಮ ಮಗಳ ಭುಜ ಹಿಡಿದು ಅಲುಗಾಡಿಸಿದಳು.

“ನೀನು ತೆಗ್ದ್ಯಾ ಮುಚ್ಚಳ? ನೀನೇ ತಾನೇ?”

ಅಮ್ಮನ ಮುಖ ನೋಡಿ ಹುಡುಗಿ ಹೌದೆಂದು ತಲೆಯಾಡಿಸಿದಳು. ಆಮೇಲೆ ತುಟಿ ಪಿಟಕ್ಕೆನ್ನಲಿಲ್ಲ. ಏಳು ತಿಂಗಳು. ನೆಂಟರು ಮೂಗಿ ಎಂದು ಕರೆಯತೊಡಗಿದ ಮೇಲೆ ಅಮ್ಮ ಅವಳನ್ನು ಟೀಚರ ಬಳಿ ತಂದಳು.

ಹತ್ತು ಬುಧವಾರ ಗುಂಡಿ ಜಡೆಯ ಹುಡುಗಿಯ ಕೈಯಲ್ಲೇ ಇತ್ತು. ಹನ್ನೊಂದನೆಯ ಬುಧವಾರ ಹುಡುಗಿ ಅದನ್ನು ಎತ್ತಿ ದೊಡ್ಡ ಹೆಂಗಸಿನ ಕೈಗೆ ಒರಗಿಸಿದಳು. ಟೀಚರಿಗೆ ಎರಡು ಕಟ್ಟಳೆಗಳಿದ್ದವು: ಮಗು ಮುಗಿಯಿತು ಎನ್ನುವವರೆಗೆ ತಟ್ಟೆ ಕೆಡಿಸಬಾರದು, ಮಗು ಒಪ್ಪದೆ ತಟ್ಟೆಯ ಮಾತು ಕೋಣೆ ದಾಟಬಾರದು. ಎರಡನೆಯದನ್ನು ಅವರು ಅಂದು ಮುರಿದರು. ಹೊರಗಿನ ಬೆಂಚಿನಲ್ಲಿ ಅಳುತ್ತಿದ್ದ ತಾಯಿಗೆ ಸಮಾಧಾನವಾದೀತು ಎಂದುಕೊಂಡರು.

“ನಿಮ್ಮ ಮಗಳು ನಿಮ್ಮನ್ನ ಉಳಿಸೋಕೆ ಸುಮ್ಮನಿದಾಳೆ.”

ಅಮ್ಮ ಎದ್ದಳು, ಮಗಳ ಮಣಿಕಟ್ಟು ಹಿಡಿದು ನಡೆದಳು. ಹನ್ನೆರಡನೆಯ ಬುಧವಾರ ಬರಲೇ ಇಲ್ಲ. ಮಗಳು ದೊಡ್ಡಮ್ಮನ ಮನೆ ಸೇರಿದಳು. ಅಲ್ಲಿ ಮಾತು ಮರಳಿತು, ಓದು ಮುಗಿಯಿತು, ಕನ್ನಡಕದಂಗಡಿಯಲ್ಲಿ ಕೆಲಸವೂ ಸಿಕ್ಕಿತು. ಅಮ್ಮ ಮಗಳ ನಡುವೆ ಉಳಿದದ್ದು “ಊಟ ಆಯ್ತಾ?”, “ಆಯ್ತು.”

ಎಷ್ಟೋ ವರ್ಷಗಳ ಮೇಲೆ ಟೀಚರ್ ಆ ಅಂಗಡಿಗೆ ಬಂದರು. ಕಣ್ಣು ಪರೀಕ್ಷೆಯ ಯಂತ್ರಕ್ಕೆ ಗಲ್ಲ ಆನಿಸಿಕೊಂಡೇ ಹೇಳಿದರು: “ನಿನ್ನ ಮಾತನ್ನ ನಿನ್ನ ಕೇಳದೆ ಹೊರಗೆ ಹಾಕ್ದೆ. ತಪ್ಪು ನಂದು. ತಟ್ಟೆ ಹಾಗೇ ಇಟ್ಟಿದೀನಿ.”

“ಕೆಳಗಿನ ಸಾಲು ಓದಿ,” ಎಂದಿದ್ದಳು ಅವಳು. ಟೀಚರ್ ಓದಿದರು. ಎರಡು ಅಕ್ಷರ ತಪ್ಪಿದವು. ಆಮೇಲೆ ಪ್ರತಿ ವರ್ಷ ಅವರ ಕನ್ನಡಕವನ್ನು ಅವಳೇ ಮಾಡಿದಳು. ತಟ್ಟೆ ನೋಡಲು ಮಾತ್ರ ಹೋಗಲಿಲ್ಲ.

*

“ಬನ್ನಿ, ಬುಧವಾರದಮ್ಮ,” ಎಂದಳು ಆಯಾ ಬಾಗಿಲ ಕಡೆ ತಿರುಗಿ. “ಇವತ್ತು ಶುಕ್ರವಾರ ಬಂದ್ರಿ.”

ಬಾಗಿಲಲ್ಲಿ ಅಮ್ಮ ನಿಂತಿದ್ದಳು, ಕೈಯಲ್ಲಿ ಬಟ್ಟೆಯ ಚೀಲ. ಮಗಳನ್ನು ಕಂಡು ಚೌಕಟ್ಟು ಹಿಡಿದುಕೊಂಡಳು. ಇಬ್ಬರ ನಂಟು ತಿಳಿಯದ ಆಯಾ ಪಿಸುಗುಟ್ಟಿದಳು: “ಒಂಬತ್ತು ವರ್ಷದಿಂದ ಬರ್ತಾರೆ. ನಾಲ್ಕು ಗಂಟೆಗೆ ಈ ತಟ್ಟೆ ಇಳಿಸಿಕೊಡ್ಬೇಕು. ಆ ಗುಂಡಿ ಎತ್ಕೋತಾರೆ, ಇದ್ದಲ್ಲೇ ಇಡ್ತಾರೆ. ಮಾತಿಲ್ಲ ಕತೆಯಿಲ್ಲ. ಟೀಚರೂ ಸುಮ್ಮನೆ ಕೂತಿರೋರು. ಪಾಪ, ಏನು ನೋವೋ.”

ಒಂಬತ್ತು ವರ್ಷ. ಟೀಚರ್ ಅವಳ ಮುಂದೆ ಒಂದು ಸಲವೂ ಈ ಬಗ್ಗೆ ಬಾಯಿ ಬಿಟ್ಟಿರಲಿಲ್ಲ. ಎರಡನೆಯ ಕಟ್ಟಳೆಯನ್ನು ಅವರು ಮತ್ತೆ ಮುರಿದಿರಲಿಲ್ಲ.

ಅಮ್ಮ ಹತ್ತಿರ ಬಂದು ತಟ್ಟೆಯ ಮುಂದೆ ಮಂಡಿಯೂರಿದಳು.

“ಹೇಳಮ್ಮ,” ಎಂದಳು ಮಗಳು. ಮೂವತ್ತೆರಡು ವರ್ಷ ಅವಳು ಕಾದದ್ದು ಅಮ್ಮನ ಬಾಯಿಂದ ಬರಬೇಕಿದ್ದ ಒಂದು ಮಾತಿಗೆ.

“ಅವತ್ತು…” ಅಮ್ಮ ಗುಂಡಿಯತ್ತ ಕೈ ಚಾಚಿದಳು. “ಅವತ್ತು ನಾನು ಬಟ್ಟೆ…”

“ಗಾಡಿ ಬಂತು. ಎತ್ತೋಣ,” ಎಂದು ಹಜಾರದಿಂದ ಯಾರೋ ಕೂಗಿದರು.

ಅಮ್ಮ ಕೈ ಹಿಂತೆಗೆದುಕೊಂಡಳು. ಮಗಳು ಎದ್ದು ಹೋಗಿ ಉಳಿದ ಮೂವರ ಜೊತೆ ಹೆಗಲು ಕೊಟ್ಟಳು. ಟೀಚರ್ ಇಷ್ಟು ಹಗುರವಾಗಿದ್ದರೆಂದು ಅವಳಿಗೆ ಗೊತ್ತಿರಲಿಲ್ಲ.

ಎಲ್ಲ ಮುಗಿಸಿ ಬಂದಾಗ ಕುರ್ಚಿಗಳು ಖಾಲಿಯಾಗಿದ್ದವು. ಹೊರಗಿನ ಬೆಂಚಿನಲ್ಲಿ, ಅದೇ ಬೆಂಚಿನಲ್ಲಿ, ಅಮ್ಮ ಒಬ್ಬಳೇ ಕೂತಿದ್ದಳು. ಮಗಳು ಅವಳನ್ನು ದಾಟಿ ಹೊರಟಳು.

“ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು.”

ಮಗಳು ನಿಂತಳು. ಅಮ್ಮ ಚೀಲದಿಂದ ಊಟದ ಡಬ್ಬಿ ತೆಗೆದಳು. ಅವಳ ಮನೆಯಲ್ಲಿ ಮಗ ಹೋದ ದಿನದಿಂದ ಒಂದು ಪಾತ್ರೆಯೂ ತೆರೆದಿರುವಂತಿರಲಿಲ್ಲ. ಖಾಲಿ ಲೋಟಕ್ಕೂ ತಟ್ಟೆ ಮುಚ್ಚುವವಳು, ಬೇರೆ ಯಾರಾದರೂ ಮುಚ್ಚಳ ಮುಟ್ಟಿದರೆ ಬೆವರುವವಳು. ಈಗ ಬೆರಳುಗಳು ಎರಡು ಸಲ ಜಾರಿದವು. ಮೂರನೆಯ ಸಲಕ್ಕೆ ಮುಚ್ಚಳ ಬಿಟ್ಟುಕೊಂಡಿತು. ಅನ್ನ ತಣ್ಣಗಾಗಿತ್ತು.

ಡಬ್ಬಿಯನ್ನು ಮಗಳ ಕೈಗೆ ಕೊಟ್ಟಳು. ಮುಚ್ಚಳವನ್ನು ಬೆಂಚಿನ ಮೇಲಿಡಲಿಲ್ಲ, ಚೀಲಕ್ಕೂ ಹಾಕಲಿಲ್ಲ. ತಟ್ಟೆಯ ದೊಡ್ಡ ಹೆಂಗಸಿನ ಹಾಗೆ, ಮಗಳಿಗೆ ಕಾಣುವಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಎದ್ದು ನಿಂತಳು.