ಹತ್ತರಲ್ಲೊಂದು ರಿಪೋರ್ಟ್

ಅಮ್ಮ ತೀರಿಹೋದ ಸುದ್ದಿಯನ್ನು ಅಕ್ಕ ಮೆಟ್ಟಿಲ ಮೇಲೆ, ಪಕ್ಕದ ಮನೆಯಾಕೆಯ ಬಾಯಿಂದ ಕೇಳಿದ್ದಳು. ಅಮ್ಮನಿಗೆಂದು ತಂದ ಔಷಧಿ ಇನ್ನೂ ಕೈಯಲ್ಲೇ ಇತ್ತು. ಅವಳ ಮುಖ ನೋಡಲಾರದೆ ನಾನು ಅವತ್ತೇ ಮಾತು ಕೊಟ್ಟೆ: "ಇನ್ಮೇಲೆ ಕೆಟ್ಟ ಸುದ್ದಿ ಏನೇ ಬರ್ಲಿ, ನನ್ನ ಬಾಯಿಂದಲೇ ಕೇಳ್ತೀಯ ಅಕ್ಕ. ಕಂಡೋರ ಬಾಯಿಂದ ಅಲ್ಲ."

ಈಗ ನಾನು ಒಂದು ದೊಡ್ಡ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಕೆಲಸಕ್ಕಿದ್ದೇನೆ. ಹೊರಗೆ ಹೋಗುವ ಈಮೇಲ್‌ಗಳಲ್ಲಿ ರೋಗಿಗಳ ಬ್ಯಾಂಕ್ ಕಾರ್ಡ್ ನಂಬರ್ ಸೋರಿಹೋಗದಂತೆ ಕಾಯುವ ಸಾಫ್ಟ್‌ವೇರ್ ಜರಡಿಯನ್ನು ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಕಾರ್ಡ್ ನಂಬರ್ ಕಂಡರೆ ಅದು ಈಮೇಲನ್ನು ಸದ್ದಿಲ್ಲದೆ ಹಿಡಿದಿಡುತ್ತದೆ. ಕಳಿಸಿದವರಿಗೂ ಹೇಳುವುದಿಲ್ಲ, ಕಳ್ಳನಿಗೆ ಸುಳಿವು ಸಿಗಬಾರದಲ್ಲ.

ಮೊನ್ನೆ ಬೆಳಿಗ್ಗೆ ಲ್ಯಾಬಿನ ಮೇಡಂ ನನ್ನ ಮೇಜಿನ ಮುಂದೆ ಬಂದು ನಿಂತರು.

"ಏನಮ್ಮಾ, ನಿನ್ನ ಜರಡಿ ನಮ್ಮ ರಿಪೋರ್ಟ್ ನುಂಗಿ ನೀರು ಕುಡೀತಿದೆಯಾ? ಬಂದೇ ಇಲ್ಲ ಅಂತಿದಾರೆ ಹೊರಗಿನ ಕ್ಲಿನಿಕ್ ಡಾಕ್ಟರುಗಳು."

"ಹೋದ ವಾರ ನಿಮ್ಮೆದುರಿಗೇ ಒಂದು ರಿಪೋರ್ಟ್ ಕಳಿಸಿ ಟೆಸ್ಟ್ ಮಾಡಿದ್ವಲ್ಲ ಮೇಡಂ. ಹೋಯ್ತಲ್ಲ."

"ಹೋಗಿದ್ದು ಹೋಯ್ತು ತಾಯಿ. ಹೋಗದೇ ಇರೋದನ್ನ ಕೇಳ್ತಿದೀನಿ."

ಲ್ಯಾಬಿನವರು ಇತ್ತೀಚೆಗೆ ಸ್ಯಾಂಪಲ್‌ಗಳಿಗೆ ಹದಿನಾರು ಅಂಕಿಯ ಹೊಸ ನಂಬರ್ ಕೊಡತೊಡಗಿದ್ದರು. ಕಾರ್ಡಿಗೂ ಹದಿನಾರೇ. ಜರಡಿ ಆ ಅಂಕಿಗಳನ್ನು ಕೂಡಿ ಕಳೆದು ನೋಡಿ, ಕೊನೆಯ ಅಂಕಿ ತಾಳೆಯಾದರೆ ಮಾತ್ರ ಕಾರ್ಡ್ ಎಂದು ನಂಬುತ್ತದೆ. ಆದರೆ ಸುಮ್ಮನೆ ಬರೆದ ನಂಬರಾದರೂ ಹತ್ತರಲ್ಲಿ ಒಂದು ತಾಳೆಯಾಗಿಬಿಡುತ್ತದೆ. ಹತ್ತರಲ್ಲಿ ಒಂಬತ್ತು ರಿಪೋರ್ಟ್ ಸಲೀಸಾಗಿ ಹೋಗಿದ್ದವು, ಹತ್ತನೆಯದು ಸಿಕ್ಕಿಬಿದ್ದಿತ್ತು. ನಾವು ಟೆಸ್ಟಿಗೆ ಕಳಿಸಿದ್ದು ಆ ಒಂಬತ್ತರ ಪೈಕಿಯದು.

ಹಿಡಿದಿಟ್ಟವುಗಳ ಪುಟ ತೆರೆದೆ. ಹಿಡಿದದ್ದು ಸರಿಯೋ ತಪ್ಪೋ ತಿಳಿಯಲೆಂದು ನಂಬರಿನ ಆಚೀಚಿನ ಸಾಲುಗಳು ಅಲ್ಲಿ ಕಾಣುತ್ತವೆ. ಒಂದರಲ್ಲಿ ಅಕ್ಕನ ಹೆಸರಿತ್ತು. ಕುತ್ತಿಗೆಯ ಗಂಟು. ಕ್ಯಾನ್ಸರ್. ತಡಮಾಡದೆ ಆಪರೇಷನ್ ಆಗಬೇಕು. ತಾರೀಖು ಮೂರು ವಾರದ ಹಿಂದಿನದು.

ಈ ಮೂರು ವಾರವೂ ಗಂಟಿನ ಟೆಸ್ಟ್ ಏನಾಯಿತೆಂದು ಕೇಳಿದವರಿಗೆಲ್ಲ ಅಕ್ಕ ಹೇಳುತ್ತಿದ್ದಳು: "ಏನಾದ್ರೂ ಇದ್ದಿದ್ರೆ ನಮ್ಮ ಕ್ಲಿನಿಕ್ ಡಾಕ್ಟರ್ ಸುಮ್ನಿರ್ತಿದ್ರಾ? ಚಪ್ಪಲೀನೂ ಹಾಕ್ಕೊಳ್ದೆ ಓಡಿ ಬರ್ತಿದ್ರು."

ಮ್ಯಾನೇಜರ್ ನನ್ನ ಹಿಂದೆ ನಿಂತು ಪರದೆ ನೋಡಿದರು. "ಮೊದಲು ಹಿಡಿದಿಟ್ಟ ರಿಪೋರ್ಟ್ ಎಲ್ಲಾನೂ ಬಿಡು. ಆಮೇಲೆ ನಿಯಮ ಸರಿಮಾಡು. ನಿಜವಾದ ಕಾರ್ಡ್ ಸಿಕ್ಕಿಬೀಳುತ್ತೋ ಇಲ್ವೋ ನೋಡ್ದೆ ಮನೆಗೆ ಹೋಗ್ಬೇಡ."

"ಒಂದೇ ಒಂದನ್ನ ಸಂಜೆ ಬಿಡ್ಲಾ ಸಾರ್?"

"ಯಾಕೆ, ಅದೇನು ಪುಣ್ಯ ಮಾಡಿದೆ?"

ಈಗಲೇ ಬಿಟ್ಟರೆ ಕ್ಲಿನಿಕ್ಕಿನವರು ನನಗಿಂತ ಮೊದಲೇ ಅಕ್ಕನಿಗೆ ಹೇಳಿಬಿಟ್ಟಾರು. ಆದರೆ ಹಾಳಾದ ಮೂರು ವಾರದ ಮೇಲೆ ಇನ್ನರ್ಧ ದಿನ ಯಾವ ಮುಖ ಇಟ್ಟುಕೊಂಡು ಕೇಳಲಿ? ಎಲ್ಲವನ್ನೂ ಬಿಟ್ಟೆ. ಅಕ್ಕನಿಗೆ ಫೋನ್ ಮಾಡಿದೆ.

"ಏನೇ, ಆಫೀಸಲ್ಲಿ ನೊಣ ಹೊಡೀತಿದೀಯಾ?" ಎಂದಳು ಅಕ್ಕ. ಶಾಲೆ ಬಿಟ್ಟ ಮೇಲೆ ನನ್ನ ಮಗಳನ್ನು ನೋಡಿಕೊಳ್ಳುವವಳು ಅವಳೇ. "ನಿನ್ನ ಮಗಳು ಬಂದ್ರೆ ತಿನ್ನೋಕೆ ಏನು ಮಾಡ್ಲಿ ಹೇಳು."

ಇದು ಫೋನಿನಲ್ಲಿ ಆಡುವ ಮಾತೇ? "ಇವತ್ತು ಬೇಗ ಬರ್ತೀನಿ ಅಕ್ಕ," ಎಂದೆ.

"ಬಂದಾಗ ನೋಡೋಣ ಬಿಡು."

ಬೇಗ ಆಗಲಿಲ್ಲ. ಲ್ಯಾಬಿನ ನಂಬರುಗಳು ಶುರುವಾಗುವ ಅಂಕಿಗಳನ್ನು ನೋಡಿ ಅವನ್ನು ಬಿಡು ಎಂದು ನಿಯಮ ಬರೆದರೆ, ಅದೇ ಅಂಕಿಗಳಿಂದ ಶುರುವಾಗುವ ಕಾರ್ಡುಗಳೂ ಜಾರಿಹೋದವು. ಈಮೇಲ್ ಲ್ಯಾಬಿನಿಂದ ಹೊರಟಿದ್ದರೆ ಮಾತ್ರ ಬಿಡು ಎಂದು ಸೇರಿಸಿದೆ. ಈ ಸಲ ತಾಳೆಯಾಗುವ ನಂಬರುಗಳನ್ನೇ ಹುಡುಕಿ ಹುಡುಕಿ ಟೆಸ್ಟಿಗೆ ಕಳಿಸಿದೆ. ರಿಪೋರ್ಟ್ ಹೋದವು, ಕಾರ್ಡ್ ಸಿಕ್ಕಿಬಿದ್ದವು. ಬ್ಯಾಗ್ ಹೆಗಲಿಗೇರಿಸಿ ಓಡಿದೆ.

ಅಕ್ಕನ ಮನೆ ಬಾಗಿಲು ತೆರೆದೇ ಇತ್ತು. ಮಗಳು ನೆಲದ ಮೇಲೆ ಬಣ್ಣ ಹಚ್ಚುತ್ತಿದ್ದಳು. ಅಕ್ಕ ಒಗೆದ ಬಟ್ಟೆಯ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದಳು, ಒಂದನ್ನೂ ಒಣಹಾಕಿರಲಿಲ್ಲ.

"ಕ್ಲಿನಿಕ್ಕಿಂದ ಯಾವುದೋ ಹುಡುಗಿ ಫೋನ್ ಮಾಡಿದ್ಲು ಕಣೇ," ಎಂದಳು, ಮಗಳಿಗೆ ಕೇಳಿಸದಷ್ಟು ಮೆಲ್ಲಗೆ. "ರಿಪೋರ್ಟ್ ಇವತ್ತು ಬಂತಂತೆ. ಕ್ಯಾನ್ಸರ್ ಅಂತೆ. ಪಾಪ, ಅದನ್ನ ಓದೋಕೂ ತಡವರಿಸಿದ್ಲು."

ಪಕ್ಕದಲ್ಲಿ ಕೂತು ಅವಳ ಕೈ ಹಿಡಿದೆ.

"ನಿಂಗೆ ಗೊತ್ತಿತ್ತಾ?"

"ಬೆಳಿಗ್ಗೆಯಿಂದ."

ಅಕ್ಕ ಕೈ ಬಿಡಿಸಿಕೊಂಡಳು.

ಕೊಟ್ಟ ಮಾತು ನಾನು ಉಳಿಸಿಕೊಳ್ಳಲಿಲ್ಲ.